ಮೇಟಗಳ್ಳಿಯವರೇ ನೋಡಬೇಕಾದ ಸಿನಿಮಾಗಳು

ಕಾಯಿಲೆ ರಜೆ ಮುಗಿಸಿ ಕೆಲಸಕ್ಕೆ ಮರಳಲು ಸಿದ್ಧಳಾಗಿದ್ದ ಹೆಂಗಸೊಬ್ಬಳಿಗೆ ಶುಕ್ರವಾರ ಫೋನ್ ಬರುತ್ತದೆ: ನಿನಗೆ ಕೆಲಸ ಇಲ್ಲ. ಅವಳು ರಜೆಯಲ್ಲಿದ್ದಾಗ 17 ಜನ ಮಾಡುತ್ತಿದ್ದ ಕೆಲಸವನ್ನು 16 ಜನ ಓಟಿ ಮಾಡಿ ತೂಗಿಸಿದ್ದಾರೆ. ಮಾಲೀಕ ಲೆಕ್ಕ ಹಾಕಿ ಆ 16 ಜನರ ಮುಂದೆ ಒಂದು ಮಾತು ಇಟ್ಟಿದ್ದಾನೆ. ತಲಾ 1,000 ಯೂರೊ ಬೋನಸ್ ಬೇಕೋ, ಅವಳು ಬೇಕೋ? ಬಹುತೇಕರು ಬೋನಸ್ಸಿಗೆ ಕೈ ಎತ್ತಿದ್ದಾರೆ. ಫೋರ್‌ಮನ್ ಹೆದರಿಸಿ ಮತ ಹಾಕಿಸಿದ್ದಾನೆಂದು ಗೆಳತಿಯೊಬ್ಬಳು ಜಗಳ ತೆಗೆದು, ಸೋಮವಾರ ಬೆಳಿಗ್ಗೆ ಗುಪ್ತ ಮತದಾನಕ್ಕೆ ಮಾಲೀಕನನ್ನು ಒಪ್ಪಿಸುತ್ತಾಳೆ. ಉಳಿದಿರುವುದು ಶನಿವಾರ, ಭಾನುವಾರ. ಅಷ್ಟರಲ್ಲಿ ಸಾಂಡ್ರಾ ಎಂಬ ಈ ಹೆಂಗಸು ಒಬ್ಬೊಬ್ಬರ ಮನೆ ಬಾಗಿಲು ತಟ್ಟಿ, ‘ನಿಮ್ಮ ಬೋನಸ್ ಬಿಟ್ಟುಕೊಡಿ, ನನ್ನ ಕೆಲಸ ಉಳಿಸಿ’ ಎಂದು ಕೇಳಬೇಕು.

ಬೆಲ್ಜಿಯಂನ ಅಣ್ಣತಮ್ಮಂದಿರಾದ ಜಾನ್-ಪಿಯೆರ್ ಮತ್ತು ಲುಕ್ ದಾರ್ದೆನ್ 2014ರಲ್ಲಿ ಮಾಡಿದ ‘ಟೂ ಡೇಸ್, ಒನ್ ನೈಟ್’ ಚಿತ್ರದ ಕಥೆ ಇಷ್ಟೇ. ಸಾಂಡ್ರಾ ಪಾತ್ರದಲ್ಲಿ ಮಾರಿಯೋನ್ ಕೊತಿಯಾರ್. ಲಿಯೇಜ್ ನಗರಕ್ಕೆ ಅಂಟಿಕೊಂಡಿರುವ ಸೆರಾಂಗ್ ಎಂಬ ಉಕ್ಕಿನ ಊರು ಇವರ ಬಹುತೇಕ ಚಿತ್ರಗಳ ನೆಲ. ಕಾರ್ಖಾನೆಗಳು ಒಂದೊಂದಾಗಿ ಸೊರಗಿದ ಮೇಲೆ ಅಲ್ಲಿ ಉಳಿದ ಜನರ ಬದುಕನ್ನೇ ಇವರು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿದ್ದಾರೆ. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಇವರಿಗೆ ಎರಡು ಬಾರಿ ಬಂದಿದೆ. 1999ರಲ್ಲಿ ‘ರೊಸೆಟ್ಟಾ’ಗೆ, 2005ರಲ್ಲಿ ‘ಲಾಂಫಾಂ’ಗೆ. ಕೆಲಸಕ್ಕಾಗಿ ಹಾತೊರೆಯುವ ಹುಡುಗಿಯ ಕಥೆಯಾದ ‘ರೊಸೆಟ್ಟಾ’ ಎಷ್ಟು ತಟ್ಟಿತೆಂದರೆ, 2000ದಲ್ಲಿ ಜಾರಿಗೆ ಬಂದ ಬೆಲ್ಜಿಯಂನ ಯುವಜನರ ಉದ್ಯೋಗ ಯೋಜನೆಯನ್ನು ಜನ ಇವತ್ತಿಗೂ ‘ರೊಸೆಟ್ಟಾ ಯೋಜನೆ’ ಎಂದೇ ಕರೆಯುತ್ತಾರೆ.

ಈ ಚಿತ್ರವನ್ನು ನೋಡಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವ ಊರು ಮೇಟಗಳ್ಳಿ. ಮೈಸೂರಿನ ವಾಯವ್ಯಕ್ಕೆ, ಕೆಆರ್‌ಎಸ್ ರಸ್ತೆಯುದ್ದಕ್ಕೂ ಟೈರು ಕಾರ್ಖಾನೆ, ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ, ಪಕ್ಕದ ಹೆಬ್ಬಾಳ, ಕೂರ್ಗಳ್ಳಿಗಳ ಕೈಗಾರಿಕಾ ಪ್ರದೇಶ. ಫಸ್ಟ್ ಶಿಫ್ಟ್ ಬಿಟ್ಟು ಸೆಕೆಂಡ್ ಶಿಫ್ಟ್ ಸೇರುವ ಹೊತ್ತಿಗೆ ಚಹಾದಂಗಡಿಯ ಮುಂದೆ ನಿಂತರೆ ಕಿವಿಗೆ ಬೀಳುವ ಪದಗಳು ನಾಲ್ಕೈದೇ: ಪರ್ಮನೆಂಟು, ಕಾಂಟ್ರ್ಯಾಕ್ಟು, ಓಟಿ, ಬೋನಸ್ಸು, ಪಿಎಫ್ಫು. ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿಕೊಂಡದ್ದನ್ನೂ, ಆಮೇಲೆ ಮೇಟಗಳ್ಳಿಯ ಫಾಲ್ಕನ್ ಟೈರ್ಸ್ ನಿಂತುಹೋದದ್ದನ್ನೂ ಇಲ್ಲಿಯ ಮನೆಗಳು ತಮ್ಮ ಮನೆಯ ಸಾವಿನಂತೆ ನೆನಪಿಟ್ಟುಕೊಂಡಿವೆ. ಸಾಂಡ್ರಾಳ ಸಂಕಟವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದ ಒಳಗೆ ಸ್ವಲ್ಪ ಹೊತ್ತು ನಿಲ್ಲೋಣ. ಸಾಂಡ್ರಾ ಒಂದು ಮನೆಯ ಗಂಟೆ ಒತ್ತುತ್ತಾಳೆ. ಒಳಗೇ ಇರುವ ಗೆಳತಿ ಮಗಳ ಬಾಯಿಂದ ‘ಅಮ್ಮ ಮನೆಯಲ್ಲಿಲ್ಲ’ ಎಂದು ಹೇಳಿಸುತ್ತಾಳೆ. ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ ತಿಮೂರ್ ಎಂಬುವನು ಅವಳನ್ನು ಕಂಡದ್ದೇ ಮೈದಾನದ ಅಂಚಿನಲ್ಲಿ ಅತ್ತುಬಿಡುತ್ತಾನೆ. ತಾನು ಮಾಡಿದ ತಪ್ಪನ್ನು ಹಿಂದೊಮ್ಮೆ ಅವಳು ತನ್ನ ಮೇಲೆ ಹಾಕಿಕೊಂಡು ಕಾಪಾಡಿದ್ದಳು, ಅಂಥವಳ ವಿರುದ್ಧ ಬೋನಸ್ಸಿಗೆ ಮತ ಹಾಕಿದೆನಲ್ಲ ಎಂಬ ನಾಚಿಕೆ ಅವನಿಗೆ. ಇನ್ನೊಬ್ಬ ಅಲ್ಫೋನ್ಸ್, ಕಾಂಟ್ರ್ಯಾಕ್ಟ್ ಮೇಲೆ ಇರುವವನು. ಅವಳ ಪರ ಮತ ಹಾಕುವ ಮನಸ್ಸಿದೆ, ಆದರೆ ಫೋರ್‌ಮನ್‌ಗೆ ಗೊತ್ತಾದರೆ ತನ್ನ ಕಾಂಟ್ರ್ಯಾಕ್ಟ್ ನವೀಕರಣವಾಗುವುದಿಲ್ಲ ಎಂಬ ಭಯ. ಬೋನಸ್ ಬೇಕೆಂದವರನ್ನು ದಾರ್ದೆನ್ ಸಹೋದರರು ಒಮ್ಮೆಯೂ ಖಳರನ್ನಾಗಿಸುವುದಿಲ್ಲ. ಒಬ್ಬರಿಗೆ ಮನೆಯ ಖರ್ಚು, ಇನ್ನೊಬ್ಬರಿಗೆ ಮಗಳ ಓದಿನ ಖರ್ಚು. ಎಲ್ಲರಿಗೂ ಕಾರಣ ಇದೆ, ಎಲ್ಲರ ಕಾರಣವೂ ನಿಜ. ಕೊನೆಗೆ ಮತ 8–8 ಆಗಿ ಸಮಬಲವಾಗುತ್ತದೆ. ಬಹುಮತ ಬರಲಿಲ್ಲ, ಕೆಲಸ ಹೋಯಿತು. ಆಗ ಮಾಲೀಕ ಕರೆದು ಬೇರೊಂದು ದಾರಿ ತೋರಿಸುತ್ತಾನೆ. ಬೋನಸ್ಸೂ ಕೊಡುತ್ತೇನೆ, ನಿನ್ನನ್ನೂ ತೆಗೆದುಕೊಳ್ಳುತ್ತೇನೆ, ಆದರೆ ಕಾಂಟ್ರ್ಯಾಕ್ಟ್ ಹುಡುಗನ ಅವಧಿ ಮುಗಿದಾಗ ಅವನದನ್ನು ಮುಂದುವರಿಸುವುದಿಲ್ಲ. ಸಾಂಡ್ರಾ ಒಪ್ಪದೆ ಎದ್ದು ಬರುತ್ತಾಳೆ.

ಆ ನಿರಾಕರಣೆ ಸರಿಯೇ? ಮನೆಯಲ್ಲಿ ಎರಡು ಮಕ್ಕಳಿವೆ, ಗಂಡನ ಸಂಬಳ ಸಾಲದು. ದಿಲ್ಲಿ, ಮುಂಬೈಯ ಉತ್ಸವಗಳಲ್ಲಿ ಈ ಚಿತ್ರ ನೋಡಿದವರು ಅವಳ ಧೈರ್ಯ ಮೆಚ್ಚಿ ಎದ್ದು ಹೋಗಿರಬಹುದು. ಮೇಟಗಳ್ಳಿಯಲ್ಲಿ ತೋರಿಸಿದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಪರ್ಮನೆಂಟ್ ಆದವರೂ ಕಾಂಟ್ರ್ಯಾಕ್ಟ್‌ನವರೂ ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುವ ಜಾಗ ಇದು. ನಾನು ಹೇಳಹೊರಟಿರುವುದು ಇದನ್ನೇ. ಜಗತ್ತಿನ ಗಂಭೀರ ಸಿನಿಮಾಗಳು ‘ತಿಳಿದವರಿಗೆ’ ಮಾತ್ರ ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ಆದರೆ ಅವುಗಳ ವಸ್ತು ಯಾರ ಬದುಕಿನಲ್ಲಿದೆಯೋ ಅವರೇ ಅವುಗಳ ನಿಜವಾದ ಪ್ರೇಕ್ಷಕರು.

ಈ ಮಾತಿಗೆ ಕನ್ನಡದಲ್ಲೇ ದೊಡ್ಡ ಪುರಾವೆ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದ ಕೆ.ವಿ. ಸುಬ್ಬಣ್ಣ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ನಡುವಿನ ಹಳ್ಳಿ, ಕುರೊಸಾವಾ, ದಿ ಸಿಕಾ, ಸತ್ಯಜಿತ್ ರಾಯ್ ಚಿತ್ರಗಳು. ಮುಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಪಾಠ ಮಾಡಿದ ಚಲನಚಿತ್ರ ರಸಗ್ರಹಣ ಶಿಬಿರಗಳು, ಸುತ್ತಲಿನ ಊರುಗಳಿಗೆ ಪ್ರೊಜೆಕ್ಟರ್ ಹೊತ್ತು ಹೋಗಿ ಮಾಡಿದ ಪ್ರದರ್ಶನಗಳು. ಕಪ್ಪು ಬಿಳುಪಿನ ಜಪಾನಿ ಚಿತ್ರ ಹಳ್ಳಿಯವರಿಗೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಸುಬ್ಬಣ್ಣ ವೇದಿಕೆಯ ಮೇಲೆ ಚರ್ಚಿಸುತ್ತ ಕೂರಲಿಲ್ಲ, ತೋರಿಸಿಯೇ ನೋಡಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಗುರುತಿಸಿದ್ದು ನಾಟಕದ ಜೊತೆಗೆ ಈ ಕೆಲಸವನ್ನೂ.

ಇನ್ನೊಂದು ಪುರಾವೆ ಮೈಸೂರಿಗೆ ಇನ್ನೂ ಹತ್ತಿರದ್ದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿದ ಯು.ಆರ್. ಅನಂತಮೂರ್ತಿ 60ರ ದಶಕದಲ್ಲಿ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು. ಅಲ್ಲಿ ಗುರು ಮಾಲ್ಕಮ್ ಬ್ರಾಡ್ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. 1957ರ ಸ್ವೀಡಿಷ್ ಚಿತ್ರ. ಧರ್ಮಯುದ್ಧ ಮುಗಿಸಿ ಬಂದ ಸರದಾರನೊಬ್ಬ ಪ್ಲೇಗು ಹಬ್ಬಿದ ನಾಡಿನಲ್ಲಿ ಸಾವಿನ ಜೊತೆ ಚದುರಂಗ ಆಡುತ್ತಾನೆ. ಅವರು ನೋಡಿದ ಪ್ರತಿಯಲ್ಲಿ ಸಬ್‌ಟೈಟಲ್ ಇರಲಿಲ್ಲ, ಮಾತು ಅರ್ಥವಾಗಲಿಲ್ಲ, ಚಿತ್ರ ಮಾತ್ರ ಒಳಗೆ ಇಳಿಯಿತು. ಯುರೋಪಿನವನು ಮಧ್ಯಯುಗವನ್ನು ಪುಸ್ತಕದಿಂದ ಕಟ್ಟಿಕೊಳ್ಳಬೇಕು, ನನಗೆ ಅದು ನಮ್ಮೂರಿನ ಅಗ್ರಹಾರದಲ್ಲೇ ಜೀವಂತವಾಗಿದೆ ಎಂಬ ಅರಿವು ಆ ಚಿತ್ರದ ನಂತರದ ಮಾತುಕತೆಯಲ್ಲಿ ಹುಟ್ಟಿತೆಂದು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಅಲ್ಲಿಂದ ಬಂದದ್ದು ‘ಸಂಸ್ಕಾರ’. ಪ್ಲೇಗು, ಕೊಳೆಯುತ್ತಿರುವ ನಾರಣಪ್ಪನ ಹೆಣ, ಅದಕ್ಕೆ ಬೆಂಕಿ ಇಡುವವರು ಯಾರೆಂಬ ತರ್ಕ. ಅದನ್ನು ಇಂಗ್ಲಿಷಿಗೆ ತಂದವರು ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್.

ಪಟ್ಟಾಭಿರಾಮ ರೆಡ್ಡಿ ಆ ಕಾದಂಬರಿಯನ್ನು 1970ರಲ್ಲಿ ಚಿತ್ರ ಮಾಡಿದರು. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಸ್ನೇಹಲತಾ ರೆಡ್ಡಿಯವರ ಚಂದ್ರಿ, ಲಂಕೇಶರ ನಾರಣಪ್ಪ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ರಾಜೀವ ತಾರಾನಾಥರದು. 2024ರಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದ ಅದೇ ಸರೋದ್ ವಾದಕರು. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಜಾತಿ ಭಾವನೆಗಳು ಕೆರಳುತ್ತವೆಂಬ ಆತಂಕ. ಕೇಂದ್ರ ಸರ್ಕಾರದವರೆಗೂ ಹೋಗಿ ಬಿಡಿಸಿಕೊಂಡು ಬಂದ ಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟ ಚಿತ್ರವೂ ಅದೇ ಆಯಿತು. ಬರ್ಗ್‌ಮನ್‌ನ ಸ್ವೀಡನ್ನಿನಿಂದ ಮಲೆನಾಡಿನ ಅಗ್ರಹಾರಕ್ಕೆ, ಅಲ್ಲಿಂದ ಲೊಕಾರ್ನೊ ಉತ್ಸವಕ್ಕೆ ಇಷ್ಟು ಸರಾಗವಾಗಿ ಹಾದಿ ಇದ್ದಾಗ, ‘ವಿಶ್ವ ಸಿನಿಮಾ’ ಎಂಬುದು ಎಲ್ಲೋ ಹೊರಗಿನದು ಎಂದು ಕನ್ನಡಿಗರು ಅಂದುಕೊಳ್ಳುವುದು ನನಗೆ ನೋವಿನ ಸಂಗತಿ.

ಪ್ರಬುದ್ಧ ಪ್ರೇಕ್ಷಕರ ಚಿತ್ರ ಎಂದಕೂಡಲೇ ನಮ್ಮಲ್ಲಿ ಅನೇಕರ ಮನಸ್ಸು ‘ಎ’ ಪ್ರಮಾಣಪತ್ರದ ಕಡೆ ಹೋಗುತ್ತದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ‘ಯು’, ‘ಎ’ ಇದ್ದವು. 1983ರಲ್ಲಿ ‘ಯುಎ’ ಮತ್ತು ‘ಎಸ್’ ಬಂದವು. 2023ರ ತಿದ್ದುಪಡಿ ‘ಯುಎ’ಯನ್ನು 7, 13, 16 ವರ್ಷಗಳೆಂದು ಮೂರಾಗಿ ಒಡೆಯಿತು. ಇವೆಲ್ಲ ಬೇಕಾದ ವ್ಯವಸ್ಥೆಯೇ, ಮಕ್ಕಳಿಗೆ ಕಾವಲು ಬೇಕು. ಆದರೆ ಇವು ಅಳೆಯುವುದು ತೆರೆಯ ಮೇಲಿನ ರಕ್ತವನ್ನು, ಮೈಯನ್ನು, ಬೈಗುಳವನ್ನು. ಸಾಂಡ್ರಾಳ ಕಥೆಯಲ್ಲಿ ಇವು ಹೆಚ್ಚೇನೂ ಇಲ್ಲ, ಆದರೂ ಅದು ಬೆಳೆದವರ ಚಿತ್ರ. ಯಾರ ಪಕ್ಷ ಹಿಡಿಯಬೇಕೆಂದು ಚಿತ್ರ ಹೇಳಿಕೊಡದಿದ್ದಾಗ ಆ ಗೊಂದಲವನ್ನು ಹೊತ್ತು ಮನೆಗೆ ಹೋಗುವ ಶಕ್ತಿ ಬೇಕು. ಅದು ಹದಿನೈದರ ಹುಡುಗಿಗೂ ಇರಬಹುದು, ಐವತ್ತರ ಅಪ್ಪನಿಗೆ ಇಲ್ಲದಿರಬಹುದು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ ತೆಗೆದುಕೊಳ್ಳಿ. 1977ರ ಕಪ್ಪು ಬಿಳುಪು ಚಿತ್ರ, ಅನಂತಮೂರ್ತಿಯವರ ಕಥೆ, ಮುಂದೆ ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರ ಸಂಗೀತ. ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದ ನಾವು ಎಲ್ಲವನ್ನೂ ನೋಡುತ್ತೇವೆ. ಗುರುಗಳ ಮಗಳು ಯಮುನಕ್ಕ ವಿಧವೆ, ಶಾಲಾ ಮೇಷ್ಟ್ರಿಂದ ಬಸಿರಾಗಿದ್ದಾಳೆ. ಮಗುವಿಗೆ ಇದರಲ್ಲಿ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಆದರೂ ಊರಿಡೀ ಅವಳಿಗೆ ಬೆನ್ನು ತಿರುಗಿಸಿದಾಗ ಕತ್ತಲಲ್ಲಿ ಅವಳ ಜೊತೆ ನಿಲ್ಲುವವನು ಅವನೊಬ್ಬನೇ. ಕೊನೆಗೆ ಹೆತ್ತ ತಂದೆಯೇ ಬದುಕಿರುವ ಮಗಳ ಹೆಸರಿನಲ್ಲಿ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾನೆ. ತಲೆ ಬೋಳಿಸಿದ ಯಮುನೆ ಊರ ಹೊರಗೆ ಉಳಿಯುತ್ತಾಳೆ, ನಾಣಿಯನ್ನು ಅವನ ಅಪ್ಪ ಕೈಹಿಡಿದು ಊರಿಗೆ ಕರೆದುಕೊಂಡು ಹೋಗುತ್ತಾನೆ. ಮಾರ್ಟಿನ್ ಸ್ಕಾರ್ಸೆಸೆಯ ಫಿಲ್ಮ್ ಫೌಂಡೇಶನ್ ಮತ್ತು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಪುನರುಜ್ಜೀವಗೊಳಿಸಿದ ಇದರ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ವೆನಿಸ್ಸಿನಲ್ಲಿ ನೋಡಿದರು, ಮೇಟಗಳ್ಳಿಯಲ್ಲಿ ನೋಡಿದವರು ಎಷ್ಟು ಜನ?

ಕಾಸರವಳ್ಳಿಯವರ ಇನ್ನೊಂದು ಚಿತ್ರವಂತೂ ಈ ಬಡಾವಣೆಗೆಂದೇ ಮಾಡಿದಂತಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ತಬರನ ಕಥೆ’, 1986. ಪುರಸಭೆಯ ನಿವೃತ್ತ ಜವಾನ ತಬರ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ, ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಹಣ ಕೈಗೆ ಬರುವ ಮುನ್ನವೇ ಅವಳು ತೀರಿಕೊಳ್ಳುತ್ತಾಳೆ. ಚಾರುಹಾಸನ್ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಇದಾಗಿ 30 ವರ್ಷದ ಮೇಲೆ, 2016ರಲ್ಲಿ, ಇಂಗ್ಲೆಂಡಿನ ಕೆನ್ ಲೋಚ್ ‘ಐ, ಡೇನಿಯಲ್ ಬ್ಲೇಕ್’ ಮಾಡಿ ಕಾನ್‌ನಲ್ಲಿ ಮೊದಲ ಬಹುಮಾನ ಗೆದ್ದರು. ನ್ಯೂಕ್ಯಾಸಲ್‌ನ ಬಡಗಿ, ವಯಸ್ಸು 59, ಹೃದಯಾಘಾತವಾಗಿದೆ. ಡಾಕ್ಟರು ಕೆಲಸ ಮಾಡಬೇಡ ಅನ್ನುತ್ತಾರೆ, ಇಲಾಖೆ ನೀನು ಗಟ್ಟಿಮುಟ್ಟಾಗಿದ್ದೀಯ ಅನ್ನುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಮೌಸನ್ನು ಪರದೆಯ ಮೇಲೆ ಓಡಿಸಿ ಎಂದಾಗ ಆತ ಮೌಸನ್ನೇ ಎತ್ತಿ ಪರದೆಗೆ ಒತ್ತುತ್ತಾನೆ. ಕಂಪ್ಯೂಟರ್ ಅಂಗಡಿಯ ಮುಂದೆ ಆಧಾರ್, ಪಾಸ್‌ಬುಕ್ ಹಿಡಿದು ನಿಲ್ಲುವ, ಬೆರಳಚ್ಚು ಹೊಂದದೆ ಜೀವನ ಪ್ರಮಾಣಪತ್ರ ತಿರಸ್ಕೃತವಾಗಿ ಮತ್ತೆ ಸರದಿಗೆ ಸೇರುವ ನಿವೃತ್ತ ಕಾರ್ಮಿಕರು ಆ ದೃಶ್ಯವನ್ನು ನೋಡಬೇಕು. ನೌಕರರ ಪಿಂಚಣಿ ಯೋಜನೆ ಇಪಿಎಸ್-95ರಡಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದನ್ನು ಹೆಚ್ಚಿಸಿ ಎಂದು ಹಿರಿಯರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಡೇನಿಯಲ್ ತನ್ನ ಮೇಲ್ಮನವಿಯ ವಿಚಾರಣೆಗೆ ಕೆಲವೇ ನಿಮಿಷ ಮೊದಲು ಸಾಯುತ್ತಾನೆ.

ಇವೆರಡರ ಜೊತೆಗೆ ಮೇಜಿನ ಆಚೆ ಬದಿಯಲ್ಲಿ ಕೂತವನ ಕಥೆಯಾದ ಕುರೊಸಾವಾನ ‘ಇಕಿರು’ (1952) ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ವರ್ಷಗಟ್ಟಲೆ ಕಡತಕ್ಕೆ ಮೊಹರು ಒತ್ತುತ್ತಲೇ ಕಳೆದ ಅಧಿಕಾರಿ, ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಚರಂಡಿ ನೀರು ನಿಂತ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕು ಮಾಡಿಸಿ ಸಾಯುತ್ತಾನೆ. ಅವನ ಸಾವಿನ ಮನೆಯಲ್ಲಿ ಕುಡಿಯುತ್ತ ಕೂತ ಸಹೋದ್ಯೋಗಿಗಳು, ನಾಳೆಯಿಂದ ನಾವೂ ಅವನ ಹಾಗೆ ಕೆಲಸ ಮಾಡುತ್ತೇವೆಂದು ಕಣ್ಣೀರಿಟ್ಟು ಪ್ರತಿಜ್ಞೆ ಮಾಡುತ್ತಾರೆ. ಮಾರನೇ ದಿನ ಕಚೇರಿ ಎಂದಿನಂತೆಯೇ ಇರುತ್ತದೆ.

ಇರಾನಿನ ಅಸ್ಗರ್ ಫರ್ಹಾದಿಯ ‘ಎ ಸೆಪರೇಶನ್’ (2011) ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮರೆವಿನ ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳಲು ನಾದೆರ್ ಒಬ್ಬ ಬಡ ಬಸುರಿಯನ್ನು ಕೆಲಸಕ್ಕಿಟ್ಟುಕೊಂಡಿದ್ದಾನೆ. ಜಗಳದಲ್ಲಿ ಅವಳನ್ನು ಬಾಗಿಲಿನಿಂದ ಹೊರಕ್ಕೆ ತಳ್ಳುತ್ತಾನೆ. ಗರ್ಭ ಹೋಗುತ್ತದೆ. ಕೋರ್ಟು, ಬೆದರಿಕೆ, ಹಣಕ್ಕೆ ರಾಜಿ. ಹಣ ಕೊಡುವ ಹೊತ್ತಿಗೆ ನಾದೆರ್ ಒಂದೇ ಒಂದು ಮಾತು ಕೇಳುತ್ತಾನೆ: ನಾನು ತಳ್ಳಿದ್ದರಿಂದಲೇ ಹೀಗಾಯಿತೆಂದು ಕುರಾನಿನ ಮೇಲೆ ಕೈಯಿಟ್ಟು ಹೇಳು. ಸಾಲ ಕೊಟ್ಟವರು ಮನೆಯಲ್ಲೇ ಬಂದು ಕೂತಿದ್ದಾರೆ, ಗಂಡ ಹೇಳಿಬಿಡು ಎಂದು ಅಂಗಲಾಚುತ್ತಾನೆ. ಹಿಂದಿನ ದಿನ ತನಗೆ ಕಾರು ತಾಗಿತ್ತೆಂಬುದು ಅವಳಿಗೆ ಗೊತ್ತು. ಸುಳ್ಳು ಆಣೆಯ ಪಾಪ ಮಗಳಿಗೆ ತಟ್ಟೀತೆಂದು ಹೆದರಿ ಅವಳು ಹೇಳುವುದಿಲ್ಲ. ಲಂಡನ್ನಿನ ವಿಮರ್ಶಕರು ಈ ದೃಶ್ಯವನ್ನು ವಿವರಿಸಲು ಇರಾನಿನ ಧಾರ್ಮಿಕ ಹಿನ್ನೆಲೆ ಹೇಳಬೇಕಾಗುತ್ತದೆ. ‘ಧರ್ಮಸ್ಥಳದಲ್ಲಿ ಆಣೆ ಮಾಡು’ ಎಂದ ಕೂಡಲೇ ಸುಳ್ಳುಗಾರನ ಬಾಯಿ ಕಟ್ಟುವುದನ್ನು ಕಂಡವರಿಗೆ ಯಾವ ವಿವರಣೆಯೂ ಬೇಕಿಲ್ಲ. ಕೊನೆಯಲ್ಲಿ ನ್ಯಾಯಾಧೀಶರು ಮಗಳನ್ನು, ನೀನು ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಎಂದು ಕೇಳುತ್ತಾರೆ. ಅವಳ ಉತ್ತರ ನಮಗೆ ಕೇಳಿಸುವುದಿಲ್ಲ.

ಇಂಥ ಚಿತ್ರಗಳಿಗೂ ಮೇಟಗಳ್ಳಿಗೂ ನಡುವೆ ಇರುವ ನಿಜವಾದ ಅಡ್ಡಿ ಭಾಷೆ. ಚಿತ್ರಗಳು ಫೋನಿನಲ್ಲಿ ಸಿಗುತ್ತವೆ, ಸಬ್‌ಟೈಟಲ್ ಇಂಗ್ಲಿಷಿನಲ್ಲಿರುತ್ತದೆ, ಅದೂ ಓಡುತ್ತಿರುತ್ತದೆ. ಕನ್ನಡ ಚಿತ್ರರಂಗದ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳಬಾರದೆಂದು ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬರದಂತೆ ತಡೆಯಲಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯನ್ನು ತಪ್ಪೆಂದಿತು. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ಇಂಗ್ಲಿಷ್ ಬಾರದ ಕನ್ನಡಿಗನೂ ಒಬ್ಬ. ಡಬ್ಬಿಂಗ್ ಬಂದ ಮೇಲೂ ಬಂದದ್ದು ಹೆಚ್ಚಾಗಿ ಹೊಡೆದಾಟದ ದೊಡ್ಡ ಚಿತ್ರಗಳು. ದಾರ್ದೆನ್, ಫರ್ಹಾದಿ ಇನ್ನೂ ಕನ್ನಡ ಮಾತಾಡಿಲ್ಲ.

ಹಾಗೆಂದು ಕಾಯುತ್ತ ಕೂರಬೇಕಾಗಿಲ್ಲ. ಗಮಕದಲ್ಲಿ ಒಬ್ಬರು ಕಾವ್ಯ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕುಮಾರವ್ಯಾಸನ ಹಳೆಗಾಲದ ಕನ್ನಡ ಅಕ್ಷರ ಬಾರದವರ ಮನೆಗೂ ತಲುಪಿದ್ದು ಆ ದಾರಿಯಲ್ಲಿ. ಸಿನಿಮಾಕ್ಕೂ ಅದು ಒಗ್ಗುತ್ತದೆ. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗಿಯೊಬ್ಬಳು ಮೊದಲೇ ಚಿತ್ರ ನೋಡಿ ಮಾತುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು, ಪ್ರದರ್ಶನದ ಹೊತ್ತಿಗೆ ಮೈಕಿನಲ್ಲಿ ಮೆಲುದನಿಯಲ್ಲಿ ಓದುತ್ತ ಹೋಗಬಹುದು. ದಾರ್ದೆನ್ ಚಿತ್ರಗಳಲ್ಲಿ ಮಾತು ಕಡಿಮೆ, ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಓದುವವಳಿಗೆ ಬೇಕಾದಷ್ಟು ಜಾಗ ಇರುತ್ತದೆ.

ಮೈಸೂರಿನಲ್ಲಿ ಗಂಭೀರ ಸಿನಿಮಾಕ್ಕೆ ಜಾಗವೇ ಇಲ್ಲ ಎನ್ನುವಂತಿಲ್ಲ. ರಂಗಾಯಣದ ಬಹುರೂಪಿ ನಾಟಕೋತ್ಸವದ ಜೊತೆಗೆ ಚಲನಚಿತ್ರೋತ್ಸವ ನಡೆಯುತ್ತದೆ, ದಸರಾಕ್ಕೂ ಒಂದು ಚಿತ್ರೋತ್ಸವ ಇದೆ. 2016ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವೇ ಮೈಸೂರಿಗೂ ಬಂದಿತ್ತು. ಇವೆಲ್ಲ ಒಳ್ಳೆಯವು. ಆದರೆ ಉತ್ಸವದಲ್ಲಿ ಒಂದು ಚಿತ್ರ ಮುಗಿದ ಕೂಡಲೇ ಮುಂದಿನದಕ್ಕೆ ಓಡಬೇಕು, ಮಾತಿಗೆ ಪುರುಸೊತ್ತಿಲ್ಲ. ಸೆಕೆಂಡ್ ಶಿಫ್ಟಿನವರು ಹೋಗುವುದಾದರೂ ಹೇಗೆ? ಬಹುಮಾನದ ಮೊಹರು ಹೊತ್ತು ಬರುವುದೆಲ್ಲ ಒಳ್ಳೆಯ ಚಿತ್ರವೂ ಅಲ್ಲ. ನಿಧಾನವನ್ನೇ ಆಳವೆಂದು ಒಪ್ಪಿಸುವ ಚಿತ್ರಗಳನ್ನು ಕೂತು ಸಹಿಸಬೇಕಾದ ಕರ್ತವ್ಯ ಯಾರಿಗೂ ಇಲ್ಲ. ಉತ್ಸವವೇ ಬೇಕೆಂದಿಲ್ಲ, ಬಡಾವಣೆಯಲ್ಲೇ ಯಾವುದಾದರೂ ಸಂಘದ ಕಟ್ಟಡ, ಸಮುದಾಯ ಭವನ, ಶಾಲೆಯ ಹಾಲ್ ಸಾಕು. ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಹಕ್ಕುದಾರರಿಂದ ಪಡೆದ ಅನುಮತಿ, ತಿಂಗಳಿಗೊಂದು ಭಾನುವಾರ. ಚಿತ್ರ ಎಷ್ಟು ಹೊತ್ತೋ ಮಾತಿಗೂ ಅಷ್ಟೇ ಹೊತ್ತು ಇಡಬೇಕು. ಸತ್ಯಜಿತ್ ರಾಯ್ ಮೊದಲ ಅಧ್ಯಕ್ಷರಾಗಿದ್ದ ಫಿಲ್ಮ್ ಸೊಸೈಟಿಗಳ ಒಕ್ಕೂಟ 1959ರಿಂದ, ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಹೀಗೆಯೇ ನಡೆದುಕೊಂಡು ಬಂದಿವೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ರಾಮ್ ರೆಡ್ಡಿಯವರ ‘ತಿಥಿ’ಯಿಂದ ಅನ್ನುತ್ತೇನೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಸೀಮೆಯ ಜನರನ್ನೇ ಪಾತ್ರ ಮಾಡಿಸಿ ತೆಗೆದ ಚಿತ್ರ, 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದದ್ದು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಮಗ ಗಡ್ಡಪ್ಪ ಯಾವುದಕ್ಕೂ ಅಂಟಿಕೊಳ್ಳದೆ ತಿರುಗುತ್ತಾನೆ, ಮೊಮ್ಮಗ ಜಮೀನು ಮಾರಲು ಹೆಣಗುತ್ತಾನೆ. ಮಾತು ನಮ್ಮದೇ, ವ್ಯಾಖ್ಯಾನ ಬೇಡ. ನಗು ಸಾಕಷ್ಟು ಇದೆ, ಮುಗಿದ ಮೇಲೆ ಜಮೀನಿನ ಮಾತು ತಾನಾಗಿಯೇ ಏಳುತ್ತದೆ. ಎರಡನೇ ತಿಂಗಳು ಬೆಳಿಗ್ಗೆ ‘ತಬರನ ಕಥೆ’, ಊಟ ಮುಗಿಸಿ ‘ಡೇನಿಯಲ್ ಬ್ಲೇಕ್’. ಮೂರನೆಯದು ಯಾವುದೆಂದು ಅಲ್ಲಿ ಕೂತವರೇ ಹೇಳಲಿ.